ಕಾರಣ ಆಮೇಲೆ ಸಿಗುತ್ತದೆ

ದಿಂಬಂ ಘಟ್ಟದ 27 ತಿರುವು ಹತ್ತಿ, ಹಾಸನೂರು ದಾಟಿ ತಾಳವಾಡಿ ಸೀಮೆಗೆ ಬಂದರೆ ಬೆಳಗಿನ ಹೊತ್ತು ಯಾವ ಊರಲ್ಲೂ ಕಾಣುವುದು ಅವಸರವೇ. ಎಲೆಕೋಸಿನ ಮೂಟೆ ಗಾಡಿಗೆ ಏರಬೇಕು. ರಾತ್ರಿಯೆಲ್ಲ ಮುಸುಕಿನ ಜೋಳದ ಹೊಲದಲ್ಲಿ ಆನೆ ಕಾದವರು ಕಣ್ಣುಜ್ಜುತ್ತ ಮನೆ ಸೇರಬೇಕು. ಹಾಲು ಕರೆದು ಡೇರಿಗೆ ಹಾಕಬೇಕು, ಮಕ್ಕಳು ಬಸ್ಸು ಹಿಡಿಯಬೇಕು. ಈ ಓಡಾಟದ ನಡುವೆ ಯಾವುದೋ ಮನೆಯ ಜಗಲಿಯಲ್ಲಿ ಒಬ್ಬರು ಸುಮ್ಮನೆ ಕೂತಿರುತ್ತಾರೆ. ಜ್ವರವಿಲ್ಲ, ಗಾಯವಿಲ್ಲ, ಆದರೂ ಹೊಲದ ಕಡೆ ಹೋಗಿ ತಿಂಗಳಾಗಿರುತ್ತದೆ. ಕೇಳಿದರೆ "ಊಟ ಸೇರದು, ನಿದ್ದೆ ಹತ್ತದು, ಯಾತಕ್ಕೂ ಮನಸ್ಸಿಲ್ಲ" ಎನ್ನುತ್ತಾರೆ. ಇನ್ನೂ ಕೆದಕಿದರೆ ಮೈಕೈ ನೋವು, ತಲೆನೋವು, ಎದೆ ಭಾರ. ಮನೆಯವರು ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸಿರುತ್ತಾರೆ, ರಕ್ತ ಪರೀಕ್ಷೆ ಮಾಡಿಸಿರುತ್ತಾರೆ, ಕಡೆಗೆ ಬೈದೂ ನೋಡಿರುತ್ತಾರೆ. ಕೂತವರು ಮಾತ್ರ ಯಾರಿಗೂ ಹೇಳದೆ ತಮ್ಮೊಳಗೇ ಕೇಳಿಕೊಳ್ಳುತ್ತಿರುತ್ತಾರೆ: ನಾನು ಯಾಕೆ ಬದುಕಿರಬೇಕು?

ಈ ಪ್ರಶ್ನೆ ಹೇಗೋ ಹೊರಗೆ ಬಿದ್ದರೆ ಉತ್ತರ ಕೊಡಲು ಊರೇ ಮುಂದೆ ಬರುತ್ತದೆ. ಮಕ್ಕಳ ಮುಖ ನೋಡು, ದೇವರು ಕೊಟ್ಟ ಜೀವ, ನಿನಗಿಂತ ಕಷ್ಟದಲ್ಲಿರುವವರು ಎಷ್ಟಿಲ್ಲ. ಎಲ್ಲವೂ ಒಳ್ಳೆಯ ಮನಸ್ಸಿನಿಂದಲೇ ಬಂದ ಮಾತು, ಆದರೂ ಒಂದೂ ನಾಟುವುದಿಲ್ಲ. ನಾಟದಿರುವುದಕ್ಕೆ ಕೇಳುವವರ ಹಟ ಕಾರಣವಲ್ಲ ಎಂಬುದನ್ನು ನಲವತ್ತು ವರ್ಷಗಳ ಸಂಶೋಧನೆ ಸಾಕಷ್ಟು ಸ್ಪಷ್ಟವಾಗಿ ತೋರಿಸಿದೆ. ಬದುಕುವ ಕಾರಣವನ್ನು ಖಿನ್ನತೆಯ ನಡುವೆ ಕೂತು ಯೋಚಿಸಿ ಹುಡುಕಲಾಗದು. ಮನುಷ್ಯ ಆ ಹೊತ್ತನ್ನು ದಾಟಿದ ಮೇಲೆ ಅದು ಸಿಗುತ್ತದೆ. ಹಾಗಿದ್ದರೆ ಮೊದಲು ಮಾಡಬೇಕಾದದ್ದು ದಾಟಿಸುವ ಕೆಲಸ.

ಗಡಿಯಾಚೆಯ ಕನ್ನಡ ಸೀಮೆ

ಕನ್ನಡಿಗರಿಗೆ ತಾಳವಾಡಿ ಎಂದರೆ ರಾಜ್‌ಕುಮಾರ್ ಅವರ ಗಾಜನೂರು, 2000ದ ಜುಲೈ 30ರಂದು ನಡೆದ ಅವರ ಅಪಹರಣ, ಹೆಚ್ಚೆಂದರೆ ದೀಪಾವಳಿಯ ಬೆನ್ನಿಗೆ ಬರುವ ಗುಮಟಾಪುರದ ಗೊರೆಹಬ್ಬ. 1956ರ ಮರುವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಮದ್ರಾಸಿನಲ್ಲೇ, ಅಂದರೆ ಇಂದಿನ ತಮಿಳುನಾಡಿನಲ್ಲೇ, ಉಳಿಯಿತು. ಅಂದು ನಕ್ಷೆಯ ಮೇಲೆ ಎಳೆದ ಗೆರೆ ಇಂದು ಆಸ್ಪತ್ರೆಯ ದಾರಿಗೆ ಅಡ್ಡ ಬರುತ್ತದೆ. ಜಿಲ್ಲಾ ಕೇಂದ್ರವಾದ ಈರೋಡಿಗೆ ಹೋಗಬೇಕಾದರೆ ಘಟ್ಟ ಇಳಿಯಬೇಕು. ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಹಾಯುವ ಆ ರಸ್ತೆಯಲ್ಲಿ 2022ರಿಂದ ರಾತ್ರಿ ವಾಹನ ಸಂಚಾರಕ್ಕೆ ಹೈಕೋರ್ಟಿನ ನಿರ್ಬಂಧವೂ ಇದೆ. ಚಾಮರಾಜನಗರ ಹತ್ತಿರ, ಮಾತೂ ಒಂದೇ, ಆದರೆ ರಾಜ್ಯ ಬೇರೆ. ಕೈಕಾಲು ಮುರಿದರೆ ಜನ ಹೇಗೋ ದಾರಿ ಮಾಡಿಕೊಳ್ಳುತ್ತಾರೆ. ಮನಸ್ಸಿನ ಕಾಯಿಲೆಗೆ ಅಷ್ಟು ದೂರ ಹೋಗುವುದು ಯಾರಿಗೂ ತುರ್ತು ಎನಿಸುವುದಿಲ್ಲ.

ಈ ಉದಾಸೀನ ತಾಳವಾಡಿಗಷ್ಟೇ ಸೇರಿದ್ದಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು ಇಪ್ಪತ್ತಕ್ಕೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿದ್ದರು. ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆ ಇದ್ದವರಲ್ಲಿ ನೂರಕ್ಕೆ 85 ಮಂದಿಗೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ಲೆಕ್ಕದಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಅವರಲ್ಲಿ 19,834 ಮಂದಿ ತಮಿಳುನಾಡಿನವರು, 13,606 ಮಂದಿ ಕರ್ನಾಟಕದವರು. ಸತ್ತವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನ ದಿನಗೂಲಿಗಳು. ಪೊಲೀಸ್ ದಾಖಲೆಯಲ್ಲಿ ಒಂದೊಂದು ಸಾವಿಗೂ ಒಂದೊಂದು ಕಾರಣ ಬರೆದಿರುತ್ತದೆ: ಸಂಸಾರದ ತಾಪತ್ರಯ, ಕಾಯಿಲೆ, ಸಾಲ. ನಮೂನೆಯಲ್ಲಿ ಇರುವುದು ಒಂದೇ ಕಾರಣಕ್ಕೆ ಜಾಗ. ಬದುಕಿನಲ್ಲಿ ಹಾಗಿರುವುದು ಅಪರೂಪ.

ಮುಳ್ಳು ಕೆಟ್ಟ ತಕ್ಕಡಿ

ಖಿನ್ನತೆ ಎಂದರೆ ಬಹಳ ದುಃಖ ಎಂದು ತಿಳಿದವರೇ ಹೆಚ್ಚು. ದುಃಖ ಅದರ ಒಂದು ಭಾಗ ಮಾತ್ರ, ಎಷ್ಟೋ ಮಂದಿಯಲ್ಲಿ ಅದೂ ಇರುವುದಿಲ್ಲ, ಬರೀ ಬತ್ತಿದ ಭಾವ ಇರುತ್ತದೆ. ಅದಕ್ಕಿಂತ ಅಪಾಯದ ಸಂಗತಿ ಬೇರೆ ಇದೆ. ಬದುಕನ್ನು ತೂಗಿ ನೋಡುವ ಶಕ್ತಿಯನ್ನೇ ಈ ಕಾಯಿಲೆ ಕೆಡಿಸುತ್ತದೆ. 1986ರಲ್ಲಿ ಇಂಗ್ಲೆಂಡಿನಲ್ಲಿ ಮಾರ್ಕ್ ವಿಲಿಯಮ್ಸ್ ಮತ್ತು ಕೀತ್ ಬ್ರಾಡ್‌ಬೆಂಟ್ ಒಂದು ಸರಳ ಪರೀಕ್ಷೆ ಮಾಡಿದರು. ಆಗಷ್ಟೇ ಆತ್ಮಹತ್ಯೆಗೆ ಯತ್ನಿಸಿ ಬದುಕಿದವರಿಗೂ ಬೇರೆಯವರಿಗೂ ಒಂದೊಂದು ಪದ ಕೊಟ್ಟು, ಅದು ನೆನಪಿಗೆ ತರುವ ಒಂದು ನಿರ್ದಿಷ್ಟ ಘಟನೆಯನ್ನು ಹೇಳಿ ಎಂದರು. ಬೇರೆಯವರು ಇಂಥ ದಿನ, ಇಂಥ ಕಡೆ, ಇಂಥವರ ಜೊತೆ ಎಂದು ಹೇಳಿದರು. ಯತ್ನಿಸಿ ಉಳಿದವರ ಉತ್ತರ ಮೇಲೆ ಮೇಲೆ ತೇಲಿತು, ಘಟನೆಯ ಬದಲು ಬದುಕಿನ ಬಗೆಗಿನ ಒಟ್ಟು ಮಾತಾಗಿ ಬಂತು. ಅದರಲ್ಲೂ ಸಂತೋಷದ ಪದಗಳಿಗೆ ನಿರ್ದಿಷ್ಟ ನೆನಪು ಸಿಗುವುದು ಬಲು ಕಷ್ಟವಾಯಿತು. ಮುಂದೆ ಖಿನ್ನತೆಯ ರೋಗಿಗಳಲ್ಲಿ ನಡೆದ ಹತ್ತಾರು ಅಧ್ಯಯನಗಳಲ್ಲೂ ಇದೇ ಕಂಡಿತು.

ಇದರ ಅರ್ಥ ಸಣ್ಣದಲ್ಲ. "ನನ್ನ ಬದುಕಿನಲ್ಲಿ ಒಂದು ಒಳ್ಳೆಯ ದಿನವೂ ಇರಲಿಲ್ಲ" ಎಂದು ಜಗಲಿಯ ಮೇಲೆ ಕೂತವರು ಹೇಳಿದಾಗ ಅವರು ಸುಳ್ಳು ಹೇಳುತ್ತಿಲ್ಲ, ಉತ್ಪ್ರೇಕ್ಷೆಯನ್ನೂ ಮಾಡುತ್ತಿಲ್ಲ. ಒಳ್ಳೆಯ ದಿನಗಳು ಇದ್ದವು, ಆದರೆ ಅವು ಇರುವ ಕೋಣೆಯ ಬಾಗಿಲು ಸದ್ಯಕ್ಕೆ ತೆರೆಯುತ್ತಿಲ್ಲ. ಮುಂದಿನ ದಿನಗಳನ್ನು ಕಲ್ಪಿಸಿಕೊಳ್ಳಲೂ ನಮಗೆ ಬೇಕಾದದ್ದು ಇದೇ ನೆನಪಿನ ಸರಕು. ಹಿಂದಿನದು ಸಿಗದಿದ್ದರೆ ಮುಂದಿನದೂ ಖಾಲಿ ಕಾಣುತ್ತದೆ. ಮುಳ್ಳು ಕೆಟ್ಟ ತಕ್ಕಡಿಯಲ್ಲಿ ಎಷ್ಟು ಸಲ ತೂಗಿದರೂ ಸರಿಯಾದ ತೂಕ ಬರದು, ಬದುಕು ಬೇಕೋ ಬೇಡವೋ ಎಂಬ ಲೆಕ್ಕವೂ ಅಂಥ ಹೊತ್ತಿನಲ್ಲಿ ಹಾಗೆಯೇ. ಖಿನ್ನತೆ ಹೇಳುವ ದೊಡ್ಡ ಸುಳ್ಳು ಎಂದರೆ ಇದು ಹೀಗೇ ಇರುತ್ತದೆ ಎಂಬುದು. ನೆದರ್ಲೆಂಡಿನ ಜನಸಾಮಾನ್ಯರನ್ನು ಕಾಲಕಾಲಕ್ಕೆ ನೋಡುತ್ತ ಬಂದ ಒಂದು ಅಧ್ಯಯನದಲ್ಲಿ, ಖಿನ್ನತೆಗೆ ಬಿದ್ದವರಲ್ಲಿ ಅರ್ಧದಷ್ಟು ಮಂದಿ ಮೂರು ತಿಂಗಳ ಒಳಗೆ ಚೇತರಿಸಿಕೊಂಡಿದ್ದರು. ಐದರಲ್ಲಿ ಒಬ್ಬರಿಗೆ ಎರಡು ವರ್ಷವಾದರೂ ವಾಸಿಯಾಗಿರಲಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಅಂಥವರಿಗೇ ಔಷಧ, ಆಪ್ತಸಲಹೆ ಹೆಚ್ಚು ಬೇಕು. ಇಲ್ಲಿ ತಿಳಿದಿರಬೇಕಾದ ಒಂದು ವಿಷಯವಿದೆ. ಖಿನ್ನತೆಯ ಮಾತ್ರೆ ಜ್ವರದ ಮಾತ್ರೆಯ ಹಾಗೆ ಮಾರನೇ ದಿನ ಕೆಲಸ ಮಾಡುವುದಿಲ್ಲ, ಗುಣ ಕಾಣಲು ವಾರಗಳೇ ಬೇಕು. ಹತ್ತು ದಿನ ನುಂಗಿ "ಪ್ರಯೋಜನವಿಲ್ಲ" ಎಂದು ಬಿಡುವವರು ಬಹಳ. ಸ್ವಲ್ಪ ಹಗುರವಾದೊಡನೆ ಬಿಡುವವರೂ ಅಷ್ಟೇ, ಮತ್ತೆ ಬೀಳುವವರಲ್ಲಿ ಅವರೇ ಹೆಚ್ಚು.

ಹಿಡಿದು ನಿಲ್ಲಿಸಿದ್ದು ಯಾವುದು?

ಜನ ಯಾಕೆ ಸಾಯುತ್ತಾರೆ ಎಂದು ಎಲ್ಲರೂ ಕೇಳುತ್ತಿದ್ದಾಗ ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್ ಪ್ರಶ್ನೆಯನ್ನು ತಿರುಗಿಸಿ ಕೇಳಿದರು: ಸಾಯುವ ಯೋಚನೆ ಬಂದಾಗಲೂ ಜನ ಬದುಕಿ ಉಳಿಯುವುದು ಏಕೆ? ಉತ್ತರಗಳನ್ನು ಒಟ್ಟುಮಾಡಿ 1983ರಲ್ಲಿ 48 ಹೇಳಿಕೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಸ್ವತಃ ಅವರೇ ಹದಿಹರೆಯದಲ್ಲಿ ತೀವ್ರ ಹತಾಶೆಯಿಂದ ಮಾನಸಿಕ ಆಸ್ಪತ್ರೆಯಲ್ಲಿದ್ದು ಬಂದವರು ಎಂಬುದು ಲೋಕಕ್ಕೆ ಗೊತ್ತಾದದ್ದು 2011ರಲ್ಲಿ. ಪಟ್ಟಿಯಲ್ಲಿ ಗಮನ ಸೆಳೆಯುವುದು ಕಾರಣಗಳ ಸಣ್ಣತನ. ಜೀವನದ ಪರಮಾರ್ಥದಂಥ ದೊಡ್ಡ ಮಾತು ಅಲ್ಲಿ ಕಡಿಮೆ. ಮಕ್ಕಳು ಬೆಳೆಯುವುದನ್ನು ನೋಡಬೇಕು, ಮನೆಯವರಿಗೆ ನೋವಾಗುತ್ತದೆ, ಸಾವೆಂದರೆ ಭಯ, ಜನ ಏನೆನ್ನುತ್ತಾರೋ, ಧರ್ಮ ಒಪ್ಪದು, ಏನಾದರೂ ದಾರಿ ಸಿಕ್ಕೀತು, ಮುಂದೇನಾಗುತ್ತದೋ ನೋಡಬೇಕೆಂಬ ಕುತೂಹಲ. ಸಾವಿಗೆ ಹೆದರುವುದನ್ನು ನಾವು ಪುಕ್ಕಲುತನ ಎನ್ನುತ್ತೇವೆ. ಈ ಪಟ್ಟಿಯಲ್ಲಿ ಅದಕ್ಕೂ ಗೌರವದ ಸ್ಥಾನವಿದೆ, ಇರಬೇಕಾದದ್ದೇ.

ಹಾಗಾದರೆ ಊರವರು ಹೇಳುವ "ಮಕ್ಕಳ ಮುಖ ನೋಡು" ಸರಿಯಾದ ಮಾತೇ ಅಲ್ಲವೇ? ಮಾತು ಸರಿ, ಅದು ಹೊರಡುವ ಬಗೆಯಲ್ಲಿ ತೊಡಕಿದೆ. ನಾನು ಮನೆಯವರಿಗೆಲ್ಲ ಹೊರೆ, ನಾನಿಲ್ಲದಿದ್ದರೆ ಅವರೇ ನೆಮ್ಮದಿಯಾಗಿರುತ್ತಾರೆ ಎಂಬ ಭಾವನೆ ಆತ್ಮಹತ್ಯೆಯ ಯೋಚನೆಯ ಬೇರುಗಳಲ್ಲಿ ಒಂದು ಎಂದು ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್ 2005ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದಾರೆ. ಆ ಭಾವನೆಯಲ್ಲಿ ಮುಳುಗಿದವರಿಗೆ ಮಕ್ಕಳ ಹೆಸರನ್ನು ಆಕ್ಷೇಪಣೆಯಂತೆ ಎತ್ತಿದರೆ ತಪ್ಪಿತಸ್ಥ ಭಾವ ಇನ್ನೊಂದು ತೂಕ ಹೆಚ್ಚುತ್ತದೆ, ಅಷ್ಟೆ. ಅದರ ಬದಲು "ಮಗಳ ಸ್ಕೂಲ್ ಮೀಟಿಂಗಿಗೆ ನಾಳೆ ನೀನೇ ಬರಬೇಕಣ್ಣ, ನಾನೂ ಜೊತೆಗಿರ್ತೀನಿ" ಎನ್ನುವುದು ಬೇರೆ. ಮೊದಲನೆಯದರಲ್ಲಿ ಮನುಷ್ಯ ಸಾಲಗಾರ. ಎರಡನೆಯದರಲ್ಲಿ ಅವನು ಬೇಕಾದವನು.

ಕೈ ಮೊದಲು, ಮನಸ್ಸು ಆಮೇಲೆ

ಮನಸ್ಸು ಸರಿಯಾದ ಮೇಲೆ ಕೆಲಸಕ್ಕೆ ಏಳುತ್ತೇನೆ ಎನ್ನುವುದು ಎಲ್ಲರೂ ಹೇಳುವ ಮಾತು. ಖಿನ್ನತೆಯಲ್ಲಿ ಈ ಅನುಕ್ರಮ ತಿರುಗುಮುರುಗಾಗಿರುತ್ತದೆ. ಗೋವಾದ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಮಾಡಿದ ಪ್ರಯೋಗ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಡಾಕ್ಟರಲ್ಲದ, ಮನಶ್ಶಾಸ್ತ್ರವನ್ನೂ ಓದಿರದ ಸ್ಥಳೀಯರಿಗೆ ತರಬೇತಿ ಕೊಟ್ಟು, ತೀವ್ರ ಖಿನ್ನತೆಯಿದ್ದವರೊಡನೆ ಆರರಿಂದ ಎಂಟು ಸಲ ಮಾತಾಡಿಸಿದರು. ಮಾತಿನ ಸಾರ ಇಷ್ಟು: ಬಿಟ್ಟುಬಿಟ್ಟ ಕೆಲಸಗಳಲ್ಲಿ ಒಂದನ್ನು, ಅದೂ ಚಿಕ್ಕದೊಂದನ್ನು, ಹೊತ್ತು ಗೊತ್ತುಮಾಡಿಕೊಂಡು ಮಾಡುವುದು, ಇಷ್ಟ ಬರಲಿ ಎಂದು ಕಾಯದೆ. ಮೂರು ತಿಂಗಳಲ್ಲಿ ಹೀಗೆ ನೆರವು ಪಡೆದವರಲ್ಲಿ ನೂರಕ್ಕೆ 64 ಮಂದಿ ಗುಣವಾಗಿದ್ದರು. ಮಾಮೂಲಿ ಚಿಕಿತ್ಸೆಯಷ್ಟೇ ಸಿಕ್ಕವರಲ್ಲಿ ಆ ಸಂಖ್ಯೆ 39. ದನಕ್ಕೆ ನೀರು ಇಡುವುದು, ಅಂಗಡಿಯವರೆಗೆ ನಡೆದು ಬರುವುದು, ಅಕ್ಕನಿಗೆ ಫೋನ್ ಮಾಡುವುದು ಇವೆಲ್ಲ ಚಿಕಿತ್ಸೆಯಂತೆ ಕಾಣುವುದಿಲ್ಲ. ಕಾಣದಿರುವುದರಿಂದಲೇ ಹಳ್ಳಿಗೆ ಒಗ್ಗುತ್ತವೆ.

ದೇವಸ್ಥಾನ, ಹರಕೆ, ಮಠಗಳನ್ನು ವಿಜ್ಞಾನದ ಹೆಸರಲ್ಲಿ ಒಟ್ಟಾಗಿ ತಳ್ಳಿಹಾಕುವವರಿಗೆ ಇಲ್ಲಿ ಒಂದು ತಡೆ ಇದೆ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಈ ಸೀಮೆಯವರಿಗೆ ಇದು ಹತ್ತಿರದ ವಿಷಯ. ತಮಿಳುನಾಡಿನ ಹಳ್ಳಿಯೊಂದರ ದೇವಸ್ಥಾನದಲ್ಲಿ ಉಳಿದುಕೊಂಡ 31 ಮಂದಿ ತೀವ್ರ ಮಾನಸಿಕ ರೋಗಿಗಳನ್ನು ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ಪರೀಕ್ಷಿಸಿ 2002ರಲ್ಲಿ ಬರೆದರು. ಅಲ್ಲಿ ಔಷಧವಿರಲಿಲ್ಲ, ಮಾಟ ಬಿಡಿಸುವ ವಿಧಿಯೂ ಇರಲಿಲ್ಲ. ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ನಾಲ್ಕು ಜನರ ನಡುವೆ ಇರುವುದು, ಇಷ್ಟೇ. ಸರಾಸರಿ ಆರು ವಾರದಲ್ಲಿ ಲಕ್ಷಣಗಳು ಸುಮಾರು ಐದನೇ ಒಂದು ಭಾಗ ಇಳಿದಿದ್ದವು. ಅದಕ್ಕೆ ಹಿಂದಿನ ವರ್ಷವೇ, 2001ರ ಆಗಸ್ಟ್ 6ರಂದು, ಅದೇ ರಾಜ್ಯದ ದರ್ಗಾ ಊರಾದ ಏರ್ವಾಡಿಯಲ್ಲಿ ಸರಪಳಿಯಲ್ಲಿ ಕಟ್ಟಿದ್ದ 28 ರೋಗಿಗಳು ಬೆಂಕಿಗೆ ಸಿಕ್ಕಿ ಸತ್ತರು. ನಂಬಿಕೆಯ ಜಾಗ ಎಂಬುದು ಎರಡಕ್ಕೂ ಸಾಮಾನ್ಯ, ಸರಪಳಿ ಒಂದರಲ್ಲಿ ಮಾತ್ರ. ದೇವರ ಮೊರೆ ಹೋಗುವವರು ಮಾತ್ರೆ ಬಿಡಬೇಕಾಗಿಲ್ಲ, ಮಾತ್ರೆ ನುಂಗುವವರು ಹರಕೆ ಬಿಡಬೇಕಾಗಿಲ್ಲ.

'ಸಾಯಲೇಬೇಕೆಂದವರನ್ನು ತಡೆಯಲಾದೀತೇ?'

ಇದು ಎಲ್ಲ ಕಡೆ ಕೇಳಿಬರುವ ಆಕ್ಷೇಪ. ತಡೆಯಬಹುದು, ಆ ಒಂದು ಹೊತ್ತನ್ನು ತಡೆದರೆ ಬಹುಪಾಲು ಸಾವನ್ನೇ ತಡೆದಂತೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1937ರಿಂದ 1971ರವರೆಗೆ ಸೇತುವೆಯೊಂದರ ಮೇಲೆ ತಡೆದು ವಾಪಸು ಕಳಿಸಲಾಗಿದ್ದ 515 ಜನ ಏನಾದರು ಎಂದು ರಿಚರ್ಡ್ ಸೈಡನ್ ಹುಡುಕಿದರು. 1978ರ ಅವರ ವರದಿಯ ಪ್ರಕಾರ ಅವರಲ್ಲಿ ನೂರಕ್ಕೆ 94ರಷ್ಟು ಮಂದಿ ಬದುಕಿದ್ದರು ಅಥವಾ ಸಹಜವಾಗಿ ತೀರಿಕೊಂಡಿದ್ದರು. ಇಂದು ತಡೆದರೆ ನಾಳೆ ಇನ್ನೊಂದು ದಾರಿ ಹುಡುಕುತ್ತಾರೆ ಎಂಬ ನಂಬಿಕೆ ನಿಜವಾಗಿದ್ದರೆ ಈ ಸಂಖ್ಯೆ ಸಾಧ್ಯವೇ ಇರಲಿಲ್ಲ. ಪಕ್ಕದ ಶ್ರೀಲಂಕಾ ಇನ್ನೂ ದೊಡ್ಡ ಪುರಾವೆ. ಅತಿ ಅಪಾಯಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ 1996ರಿಂದ 2005ರ ಹೊತ್ತಿಗೆ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕೆ ಇಳಿಯಿತು. ಆ ವರ್ಷಗಳಲ್ಲಿ ಅಲ್ಲಿ ಅಂತರ್ಯುದ್ಧವಿತ್ತು, ಜನರ ಕಷ್ಟವೇನೂ ಅರ್ಧವಾಗಿರಲಿಲ್ಲ.

ತಾಳವಾಡಿಯಂಥ ತರಕಾರಿ ಸೀಮೆಗೆ ಇದು ನೇರ ಅನ್ವಯ. ಬೆಳೆಗೆ ಹೊಡೆಯುವ ಔಷಧಿ ಮನೆಯೊಳಗೆ, ಅದೂ ಕೈಗೆಟುಕುವಲ್ಲಿ, ಇರಬೇಕಾದ ವಸ್ತುವಲ್ಲ. ಚೆನ್ನೈನಲ್ಲಿ 1986ರಲ್ಲಿ ಆತ್ಮಹತ್ಯೆ ತಡೆಯುವ 'ಸ್ನೇಹಾ' ಸಂಸ್ಥೆ ಕಟ್ಟಿದ ಮನೋವೈದ್ಯೆ ಲಕ್ಷ್ಮಿ ವಿಜಯಕುಮಾರ್ ಕಾಟ್ಟುಮನ್ನಾರ್‌ಕೋವಿಲ್ ಬಳಿಯ ಹೂ ಬೆಳೆಯುವ ಎರಡು ಹಳ್ಳಿಗಳಲ್ಲಿ ಒಂದು ಏರ್ಪಾಡು ಮಾಡಿ ನೋಡಿದರು. ಮನೆಮನೆಯ ಕೀಟನಾಶಕವನ್ನು ಊರಿಗೊಂದರಂತೆ ಕಟ್ಟಿಸಿದ ಕಟ್ಟಡದ ಬೀಗದ ಪೆಟ್ಟಿಗೆಗಳಲ್ಲಿ ಇಡಿಸಿ, ಬೇಕಾದಾಗ ರೈತರೇ ಒಯ್ಯುವ ವ್ಯವಸ್ಥೆ ಅದು. ರೈತರು ಒಪ್ಪಿದರು, ಫಲಿತಾಂಶವೂ ಆಶಾದಾಯಕವಾಗಿತ್ತು. ಕಾಡಿನಂಚಿನ ಹಳ್ಳಿಗಳಲ್ಲಿ ಬೆಳೆ ಕಾಯಲು ಸರದಿ ಹಾಕಿಕೊಳ್ಳುವವರಿಗೆ ಇಂಥದ್ದೊಂದು ಏರ್ಪಾಡು ಅಸಾಧ್ಯವೆಂದು ನನಗೆ ಅನ್ನಿಸುವುದಿಲ್ಲ.

'ಸಾಲಕ್ಕೆ ಮಾತ್ರೆ ಉಂಟೇ?'

ಇದು ಇನ್ನೂ ಗಟ್ಟಿಯಾದ ಆಕ್ಷೇಪ. ಟೊಮೆಟೊ ಕೇಳುವವರಿಲ್ಲ, ಬಾಳೆ ಆನೆಯ ಪಾಲಾಯಿತು, ಬಡ್ಡಿ ಬೆಳೆಯುತ್ತಿದೆ. ಇಂಥವರಿಗೆ ಖಿನ್ನತೆ ಎಂದು ಹೆಸರಿಟ್ಟು ಮಾತ್ರೆ ಕೊಡುವುದು ಅನ್ಯಾಯವನ್ನು ಕಾಯಿಲೆಯಾಗಿಸಿದಂತೆ ಅಲ್ಲವೇ? ಆಕ್ಷೇಪದ ಅರ್ಧ ಭಾಗವನ್ನು ಒಪ್ಪಲೇಬೇಕು. ಇಂಡೋನೇಷ್ಯಾದಲ್ಲಿ ಬಡ ಕುಟುಂಬಗಳಿಗೆ ಸರ್ಕಾರ ನಗದು ಕೊಡಲು ಶುರುಮಾಡಿದ ಮೇಲೆ ಆತ್ಮಹತ್ಯೆ ಶೇಕಡಾ 18ರಷ್ಟು ಇಳಿಯಿತೆಂದು 2019ರ ಅಧ್ಯಯನವೊಂದು ತೋರಿಸಿತು. ತಮಿಳುನಾಡಿನಲ್ಲೇ ಇನ್ನೊಂದು ಉದಾಹರಣೆ ಇದೆ. ಪಬ್ಲಿಕ್ ಪರೀಕ್ಷೆಯಲ್ಲಿ ಫೇಲಾದ ಮಕ್ಕಳನ್ನು ಒಂದು ವರ್ಷ ಕೂರಿಸದೆ ಕೆಲವೇ ವಾರಗಳಲ್ಲಿ ಮರುಪರೀಕ್ಷೆಗೆ ಬಿಡುವ ಪದ್ಧತಿ ಬಂದ ಮೇಲೆ ಅಂಥ ಸಾವುಗಳು ಇಳಿದವು. ಅಂದರೆ ಬದುಕುವ ಕಾರಣಗಳಲ್ಲಿ ಕೆಲವು ಸರ್ಕಾರದ ಕೈಯಲ್ಲೂ ಇವೆ. ಬೆಳೆ ನಷ್ಟದ ಪರಿಹಾರ ಹೊತ್ತಿಗೆ ಸರಿಯಾಗಿ ಕೈ ಸೇರುವುದೂ ಮಾನಸಿಕ ಆರೋಗ್ಯದ ಕೆಲಸವೇ.

ಆಕ್ಷೇಪದ ಉಳಿದರ್ಧ ನಿಲ್ಲುವುದಿಲ್ಲ. ಅದೇ ಇಂಡೋನೇಷ್ಯಾದ ಅಧ್ಯಯನದಲ್ಲಿ ಬೆಳೆ ಕೆಟ್ಟ ವರ್ಷಗಳ ಏಟು ಸಾವಿನವರೆಗೆ ಮುಟ್ಟಿದ್ದು ಖಿನ್ನತೆಯ ಮೂಲಕ ಎಂಬ ಸೂಚನೆ ಇದೆ. ಸಾಲ ನಿಜ, "ದಾರಿಯೇ ಇಲ್ಲ" ಎಂಬುದು ಬೇರೆಯೇ ಮಾತು. ಮೊದಲನೆಯದನ್ನು ಬ್ಯಾಂಕಿನ ಪುಸ್ತಕ ಹೇಳುತ್ತದೆ, ಎರಡನೆಯದನ್ನು ಕಾಯಿಲೆ ಹೇಳುತ್ತದೆ. ಒಂದೇ ಬೀದಿಯಲ್ಲಿ ಅಷ್ಟೇ ಸಾಲವಿರುವ ಹತ್ತು ಮನೆಗಳಿರುತ್ತವೆ. ಸಾಲ ತೀರಿಸುವ ಮಾತುಕತೆಗೆ, ಅರ್ಜಿ ಬರೆಯುವುದಕ್ಕೆ, ಬೇರೆ ಬೆಳೆ ಹಾಕುವುದಕ್ಕೆ ಬೇಕಾದ ಚೈತನ್ಯವನ್ನೇ ಖಿನ್ನತೆ ಕಿತ್ತುಕೊಳ್ಳುತ್ತದೆ. ಆದ್ದರಿಂದ ಚಿಕಿತ್ಸೆ ಕೊಡುವುದು ಅನ್ಯಾಯವನ್ನು ಒಪ್ಪಿಕೊಂಡಂತಲ್ಲ, ಅದರ ಎದುರು ನಿಲ್ಲಲು ಮನುಷ್ಯನನ್ನು ಉಳಿಸಿಕೊಂಡಂತೆ.

ಬಂದು ಕೇಳಿ ಹೋಗುವವರು

ಉಳಿಸುವ ಕೆಲಸ ಎಷ್ಟು ಸರಳವಾಗಿರಬಹುದು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿ ಐದು ದೇಶಗಳ ಐದು ಕಡೆ ನಡೆಸಿದ ಪ್ರಯೋಗ ಸಾಕ್ಷಿ. ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆಗೆ ಬಂದ 1,867 ಜನರಲ್ಲಿ ಅರ್ಧದಷ್ಟು ಮಂದಿಗೆ ಮಾಮೂಲಿ ಚಿಕಿತ್ಸೆ ಕೊಟ್ಟರು. ಉಳಿದವರಿಗೆ ಅದರ ಜೊತೆಗೆ ಒಂದು ಗಂಟೆಯ ಮಾತುಕತೆ, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನಿನಲ್ಲೋ ಮನೆಗೆ ಹೋಗಿಯೋ ಹೇಗಿದ್ದೀರಿ ಎಂದು ವಿಚಾರಿಸುವುದು. ಮಾಮೂಲಿ ಗುಂಪಿನಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು ಶೇಕಡಾ 2.2, ವಿಚಾರಿಸುತ್ತಿದ್ದ ಗುಂಪಿನಲ್ಲಿ ಶೇಕಡಾ 0.2. 2008ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ಯಾರೂ ಯಾರಿಗೂ ಜೀವನದ ಅರ್ಥ ಬೋಧಿಸಿದ್ದಿಲ್ಲ. ತಮಿಳುನಾಡಿನಲ್ಲಿ 2021ರಿಂದ ಬಿಪಿ, ಸಕ್ಕರೆ ಕಾಯಿಲೆಗೆ ಮನೆಬಾಗಿಲಿಗೇ ಔಷಧ ತಲುಪಿಸುವ ಸರ್ಕಾರಿ ಯೋಜನೆ ನಡೆಯುತ್ತಿದೆ. ಆ ಕಾರ್ಯಕರ್ತೆಯರ ಪ್ರಶ್ನೆಗಳ ಪಟ್ಟಿಗೆ ನಿದ್ದೆ, ಊಟ, ಮನಸ್ಸಿನ ಬಗ್ಗೆ ಎರಡು ಮಾತು ಸೇರಿಸಲು ಹೊಸ ಕಟ್ಟಡವೇನೂ ಬೇಕಿಲ್ಲ.

ಮನೆಯವರಿಗೆ ಎರಡು ಹೆದರಿಕೆಗಳಿರುತ್ತವೆ. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬುದು ಒಂದು. ಇದನ್ನು ಪರೀಕ್ಷಿಸಿದ ಅಧ್ಯಯನಗಳಲ್ಲಿ ಹಾಗೆ ಆದದ್ದು ಕಂಡುಬಂದಿಲ್ಲ. "ಸಾಯುವ ಯೋಚನೆ ಏನಾದರೂ ಬರ್ತಾ ಇದೆಯಾ?" ಎಂದು ಮೆಲ್ಲಗೆ, ನೇರವಾಗಿ ಕೇಳಿದರೆ ಎಷ್ಟೋ ಮಂದಿಗೆ ಹೊರೆ ಇಳಿದಂತಾಗುತ್ತದೆ. ಎರಡನೆಯದು ಪೊಲೀಸ್ ಕೇಸಿನ ಭಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ 309ನೇ ಕಲಮೇ ಇಲ್ಲ.

ಗಡಿಯವರಿಗೆ ಇನ್ನೊಂದು ತೊಡಕು ಉಳಿಯುತ್ತದೆ. ಮುರಿದ ಮೂಳೆಯನ್ನು ಎಕ್ಸ್-ರೇ ತೋರಿಸುತ್ತದೆ. ಮನಸ್ಸಿನ ಕಾಯಿಲೆಯಲ್ಲಿ ಪರೀಕ್ಷೆಯೂ ಮಾತಿನಲ್ಲೇ, ಚಿಕಿತ್ಸೆಯ ದೊಡ್ಡ ಪಾಲೂ ಮಾತಿನಲ್ಲೇ. ಸಂತೆಯ ವ್ಯವಹಾರಕ್ಕೆ ಸಾಲುವ ತಮಿಳು ಒಳಗಿನ ಸಂಕಟ ಹೇಳಿಕೊಳ್ಳಲು ಎಲ್ಲರಿಗೂ ಸಾಲದು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ, ಹಣವಿಲ್ಲದೆ, ಕನ್ನಡ, ತಮಿಳೂ ಸೇರಿ 20 ಭಾಷೆಗಳಲ್ಲಿ ಇದು ಸಿಗುತ್ತದೆ. ತಾಳವಾಡಿಯಿಂದ ಕರೆ ಮಾಡುವವರು ಮೊದಲೇ ಕನ್ನಡ ಬೇಕೆಂದು ಕೇಳಿಕೊಳ್ಳುವುದು ಒಳ್ಳೆಯದು. ಕಾಯಿಲೆಯವರು ಫೋನ್ ಎತ್ತುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಅಣ್ಣನೋ ಹೆಂಡತಿಯೋ ಪಕ್ಕದ ಮನೆಯವರೋ ಕರೆ ಮಾಡಿ ಈಗ ಏನು ಮಾಡಬೇಕೆಂದು ಕೇಳಬಹುದು. ಪ್ರಾಣಕ್ಕೆ ಅಪಾಯವಾಗುವಂತಿದ್ದರೆ ಅವರನ್ನು ಒಂಟಿಯಾಗಿ ಬಿಡದೆ, ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿಗಳನ್ನು ಮನೆಯಿಂದ ಹೊರಗೆ ಸಾಗಿಸಿ, ರಾಜ್ಯ ಯಾವುದೆಂದು ನೋಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು.